ಬೆಂಕಿ ತಿಂದ ರಿಜಿಸ್ಟರು

ಪ್ಯಾರಿಸ್ಸಿನ ನಗರಾಡಳಿತ ಕಚೇರಿ ಒತೆಲ್ ದ ವಿಲ್‌ನ ಹೊರಗೋಡೆಯ ಗೂಡುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ನಿಂತಿದ್ದಾರೆ. ಕವಿಗಳು, ಚಿತ್ರಕಾರರು, ವಿಜ್ಞಾನಿಗಳು, ಊರಿನ ಹಳೆಯ ಅಧಿಕಾರಿಗಳು, ಎಲ್ಲರೂ ಕಲ್ಲಿನಲ್ಲಿ. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದಲ್ಲಿ ಫ್ರಾನ್ಸಿನ ಉದ್ದಗಲಕ್ಕೂ ಹಳೆಯ ಕಟ್ಟಡಗಳ ಬಾಗಿಲನ್ನು ಜನರಿಗೆ ತೆರೆದಿಡುತ್ತಾರೆ. ನಾನು ಹೋದದ್ದು ಆಗ. ಸಾಲು ಉದ್ದವಿತ್ತು, ತಲೆಯೆತ್ತಿ ಆ ಮುಖಗಳನ್ನು ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತು. ನಾನು ಹುಡುಕುತ್ತಿದ್ದದ್ದು ದಾಲಂಬೇರ್‌ನನ್ನು. ಆ ಗಣಿತಜ್ಞನ ಪ್ರತಿಮೆಯನ್ನು ಕಡೆದದ್ದು ರೋದಾನ್, ಇನ್ನೂ ಹೆಸರು ಬಾರದ ದಿನಗಳಲ್ಲಿ. 1717ರಲ್ಲಿ ಹಸುಗೂಸಾಗಿದ್ದ ದಾಲಂಬೇರ್‌ನನ್ನು ಯಾರೋ ನೋತ್ರ್ ದಾಮ್ ಪಕ್ಕದ ಸಣ್ಣ ಚರ್ಚಿನ ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಆ ಚರ್ಚಿನ ಹೆಸರನ್ನೇ ಮಗುವಿಗೆ ಇಟ್ಟರು. ಗಾಜಿನ ಕೆಲಸ ಮಾಡುವವನೊಬ್ಬನ ಹೆಂಡತಿ ಸಾಕಿದಳು. ಹೆಸರಿಲ್ಲದೆ ಬಂದ ಕೂಸು ಊರಿನ ಅತಿ ದೊಡ್ಡ ಗೋಡೆಯ ಮೇಲೆ ನಿಂತಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಕಟ್ಟಡದ ಮುಂದಿನ ಬಯಲು ಹಿಂದೆ ಸೇನ್ ನದಿಯ ಮರಳ ದಂಡೆಯಾಗಿತ್ತು. ದೋಣಿಗಳಿಂದ ಸೌದೆ, ಧಾನ್ಯ, ಹುಲ್ಲು, ಮದ್ಯದ ಪೀಪಾಯಿಗಳು ಇಳಿಯುತ್ತಿದ್ದವು, ದಿನಗೂಲಿಯವರು ಬೆಳಿಗ್ಗೆ ಬಂದು ಕೆಲಸಕ್ಕಾಗಿ ಕಾದು ನಿಲ್ಲುತ್ತಿದ್ದರು. 1357ರಲ್ಲಿ ವರ್ತಕರ ಮುಖಂಡ ಎತಿಯೆನ್ ಮಾರ್ಸೆಲ್ ಇಲ್ಲೊಂದು ಕಂಬಗಳ ಮನೆಯನ್ನು ಕೊಂಡು ಊರಿನ ಆಡಳಿತವನ್ನು ಅಲ್ಲಿಗೆ ತಂದ. ನದಿ ವ್ಯಾಪಾರಿಗಳ ದೋಣಿ ಇವತ್ತಿಗೂ ಪ್ಯಾರಿಸ್ಸಿನ ಲಾಂಛನ. ಇದೇ ಬಯಲಿನಲ್ಲಿ ಶತಮಾನಗಳ ಕಾಲ ಜನರ ಕಣ್ಣೆದುರು ಮರಣದಂಡನೆಗಳೂ ನಡೆದವು. 1792ರ ಏಪ್ರಿಲಿನಲ್ಲಿ ಗಿಲೋಟಿನ್ ಮೊದಲ ತಲೆಯನ್ನು ಕತ್ತರಿಸಿದ್ದು ಇಲ್ಲೇ. ಈಗ ಅಲ್ಲಿ ಮಕ್ಕಳು ಸ್ಕೂಟರ್ ಓಡಿಸುತ್ತವೆ.

ಫ್ರಾನ್ಸ್ವಾ ದೊರೆ 1533ರಲ್ಲಿ ಇಟಲಿಯ ವಾಸ್ತುಶಿಲ್ಪಿಯೊಬ್ಬನಿಂದ ಆರಂಭಿಸಿದ ಭವನ ಮುಗಿದದ್ದು 1628ರಲ್ಲಿ. ಆದರೆ ನಮ್ಮ ಕಣ್ಣಿಗೆ ಕಾಣುವುದು ಆ ಭವನವಲ್ಲ. ಹಳೆಯದು 1871ರಲ್ಲಿ ಸುಟ್ಟುಹೋಯಿತು. ಬಾಲ್ಯು ಮತ್ತು ದೆಪೇರ್ತ್ ಎಂಬ ವಾಸ್ತುಶಿಲ್ಪಿಗಳು ಹಳೆಯ ಮುಖವನ್ನೇ ನೆನೆದು ಮತ್ತೆ ಕಟ್ಟಿದರು, 1882ರಲ್ಲಿ ಉದ್ಘಾಟನೆಯಾಯಿತು. ಒಳಗೆ ಅಗಲವಾದ ಮೆಟ್ಟಿಲು, ಬಾಕಾರಾ ಗಾಜಿನ ತೂಗುದೀಪಗಳು, ಚಿನ್ನದ ಲೇಪ, ಪ್ಯುವಿ ದ ಶಾವಾನ್ ಬರೆದ ಭಿತ್ತಿಚಿತ್ರಗಳು ಎಲ್ಲವೂ ಇವೆ. ಉತ್ಸವದ ಹಜಾರ ವರ್ಸಾಯ್ ಅರಮನೆಯ ಕನ್ನಡಿ ಹಜಾರವನ್ನು ನೆನಪಿಸುತ್ತದೆ. ರಾಜನ ಅರಮನೆಗೆ ಸಾಟಿಯಾದ ಮನೆ ಪ್ರಜೆಗಳಿಗೂ ಬೇಕು ಎಂಬ ಹಟ ಅಲ್ಲಿ ಎದ್ದು ಕಾಣುತ್ತದೆ. ಜನ ಫೋಟೋ ತೆಗೆಯುತ್ತಿದ್ದರು. ನನಗೆ ಚಿತ್ರಗಳಿಗಿಂತ ಈ ಮನೆಗೆ ಬಂದುಹೋದವರ ಯೋಚನೆಯೇ ಹೆಚ್ಚಾಗಿತ್ತು.

ಅವರಲ್ಲಿ ಮೊದಲಿಗ ಝಾನ್ ಸಿಲ್ವೇನ್ ಬಾಯಿ. ಗುರುಗ್ರಹದ ಉಪಗ್ರಹಗಳ ಮೇಲೆ ದುಡಿದ ಖಗೋಳಜ್ಞ. ತಮಿಳು, ತೆಲುಗು ಸೀಮೆಯ ಪಂಚಾಂಗಕರ್ತರ ಗಣಿತದ ಕೋಷ್ಟಕಗಳನ್ನು ಫ್ರೆಂಚ್ ಪಾದ್ರಿಗಳೂ ಖಗೋಳಜ್ಞರೂ ಒಯ್ದಿದ್ದರು. ಅವನ್ನು ಆಧರಿಸಿ 1787ರಲ್ಲಿ ಆತ ಭಾರತದ ಜ್ಯೋತಿಶ್ಶಾಸ್ತ್ರದ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದ. ಮರುವರ್ಷ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಮೈಸೂರಿನಿಂದ ಬಂದು ವರ್ಸಾಯ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಆಸ್ಥಾನದ ಆ ವೈಭವ ಒಂದು ವರ್ಷವೂ ಬಾಳಲಿಲ್ಲ. 1789ರ ಜುಲೈನಲ್ಲಿ ಬಾಸ್ತಿಯ್ ಕೋಟೆ ಬಿದ್ದ ಮರುದಿನ ಬಾಯಿ ಪ್ಯಾರಿಸ್ಸಿನ ಮೊದಲ ಮೇಯರ್ ಆದ. ಇನ್ನೆರಡು ದಿನಕ್ಕೆ ಅದೇ ಲೂಯಿ ಇಲ್ಲಿಗೇ ಬಂದು, ಈ ಖಗೋಳಜ್ಞನ ಕೈಯಿಂದ ಕ್ರಾಂತಿಯ ಬಣ್ಣದ ರಿಬ್ಬನ್ ಬಿಲ್ಲೆಯನ್ನು ತೆಗೆದುಕೊಂಡು ಟೋಪಿಗೆ ಸಿಕ್ಕಿಸಿಕೊಂಡ. ನಮ್ಮ ರಾಯಭಾರಿಗಳು ಊರಿಗೆ ಮರಳಿ ವರ್ಣಿಸಿದ ದೊರೆ ಈತನೇ. 1793ರಲ್ಲಿ ದೊರೆಯನ್ನೂ ಕೊಂದರು, ಬಾಯಿಯನ್ನೂ ಕೊಂದರು.

ಈಗ 1871ರ ಬೆಂಕಿಗೆ ಬರುತ್ತೇನೆ. ಪ್ರಷ್ಯದ ಕೈಯಲ್ಲಿ ಫ್ರಾನ್ಸ್ ಸೋತಿತ್ತು. ಮಾರ್ಚ್ 28ರಂದು ಈ ಬಯಲಿನಲ್ಲೇ ಪ್ಯಾರಿಸ್ಸಿನ ಜನ ತಮ್ಮದೇ ಆಡಳಿತ ಕಮ್ಯೂನನ್ನು ಘೋಷಿಸಿಕೊಂಡರು. ಮೇ ತಿಂಗಳಲ್ಲಿ ಸರ್ಕಾರದ ಸೈನ್ಯ ನಗರಕ್ಕೆ ನುಗ್ಗಿ ಬೀದಿಬೀದಿಗಳಲ್ಲಿ ಜನರನ್ನು ಕೊಂದಿತು. ಸತ್ತವರೆಷ್ಟು ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. 24ರಂದು ಹಿಂದೆ ಸರಿಯುತ್ತಿದ್ದ ಕಮ್ಯೂನಿನವರು ಭವನಕ್ಕೆ ಬೆಂಕಿ ಹಚ್ಚಿದರು. ಆ ಬೆಂಕಿಯಲ್ಲಿ ನಗರದ ಪತ್ರಾಗಾರವೂ ಹೋಯಿತು. ಹದಿನಾರನೆಯ ಶತಮಾನದಿಂದ ಚರ್ಚುಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕಗಳು ಅಲ್ಲಿದ್ದವು, ಕ್ರಾಂತಿಯ ನಂತರ 1860ರ ಆರಂಭದವರೆಗೆ ನಗರವೇ ಬರೆದ ರಿಜಿಸ್ಟರುಗಳೂ ಇದ್ದವು. ಹಿಂದಿನವರು ಜಾಣರು, ಎರಡು ಪ್ರತಿ ಬರೆದು ಬೇರೆಬೇರೆ ಕಡೆ ಇಟ್ಟಿದ್ದರು. ಎರಡನೆಯ ಪ್ರತಿ ಇದ್ದದ್ದು ನದಿಯ ನಡುವಿನ ದ್ವೀಪದಲ್ಲಿರುವ ನ್ಯಾಯಾಲಯದ ಭವನದಲ್ಲಿ. ಆ ದಿನ ಅದೂ ಉರಿಯಿತು. ಸುಮಾರು 80 ಲಕ್ಷ ದಾಖಲೆಗಳು ಇಲ್ಲವಾದವು.

ನನ್ನ ಅಪ್ಪ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವರು. ಕೆಂಪು ಬಟ್ಟೆಯ ಕಡತದ ಗಂಟುಗಳ ನಡುವೆ ಅವರ ಆಯುಷ್ಯ ಕಳೆಯಿತು. ಮಳೆಗಾಲ ಬಂದರೆ ಮಾಡು ಸೋರೀತೆಂದು, ಬೇಸಿಗೆಯಲ್ಲಿ ಗೆದ್ದಲು ಹತ್ತೀತೆಂದು ಅವರಿಗೆ ಚಿಂತೆ. ಯಾರೋ ಬಡವರ ಜಮೀನು ಈ ಕಾಗದದ ಮೇಲೆ ನಿಂತಿದೆ, ಇದು ಹೋದರೆ ಅವರು ಯಾರ ಹತ್ತಿರ ಹೋಗಿ ಕೇಳಬೇಕು ಎನ್ನುತ್ತಿದ್ದರು. ಉಳ್ಳವರ ಹೆಸರು ಹತ್ತು ಕಡೆ ಇರುತ್ತದೆ, ಇಲ್ಲದವರದು ಸರ್ಕಾರಿ ಪುಸ್ತಕದ ಒಂದು ಸಾಲಿನಲ್ಲಿ ಮಾತ್ರ. ಆ ಹಜಾರಗಳಲ್ಲಿ ನಡೆಯುವಾಗ ನನಗೆ ಅಪ್ಪನ ಆ ಆತಂಕವೇ ಮೇಲೆಮೇಲೆ ಬರುತ್ತಿತ್ತು. ಮೋಲಿಯೇರನ, ವೋಲ್ತೇರನ ಹೆಸರನ್ನು ಯಾವ ಬೆಂಕಿಯೂ ತಿನ್ನಲಾರದು. ಬಟ್ಟೆ ಒಗೆಯುತ್ತಿದ್ದವಳದು, ಮರಳ ದಂಡೆಯಲ್ಲಿ ಕೂಲಿಗೆ ಕಾದು ನಿಂತವನದು?

ಆ ಮೇಲೆ ನಡೆದ ಕೆಲಸ ನನಗೆ ಭವನದ ಮರುನಿರ್ಮಾಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1872ರ ಫೆಬ್ರವರಿಯಲ್ಲಿ ಕಳೆದ ದಾಖಲೆಗಳನ್ನು ಮತ್ತೆ ಬರೆಯುವುದಕ್ಕೆಂದೇ ಒಂದು ಕಾನೂನು ಬಂತು, ಅದಕ್ಕೊಂದು ಆಯೋಗವೂ ಆಯಿತು. ಜನ ಪೆಟ್ಟಿಗೆಗಳಲ್ಲಿ ಜೋಪಾನ ಮಾಡಿದ್ದ ನಕಲುಗಳನ್ನು ತಂದುಕೊಟ್ಟರು. ನೋಟರಿಗಳ ಕಟ್ಟುಗಳಲ್ಲಿ, ಚರ್ಚುಗಳಲ್ಲಿ ಉಳಿದ ಪುಸ್ತಕಗಳಲ್ಲಿ ಹುಡುಕಿದರು. ಗುಮಾಸ್ತರು ಒಂದೊಂದನ್ನೂ ಪರಿಶೀಲಿಸಿ ಹೊಸದಾಗಿ ಬರೆದರು. ಭವನ ಎದ್ದು ನಿಂತು ದೀಪಗಳು ಬೆಳಗಿದ ಮೇಲೂ ಈ ಕೆಲಸ ವರ್ಷಗಟ್ಟಲೆ ಸಾಗಿತು. ಕೊನೆಗೆ ದಕ್ಕಿದ್ದು ಮೂರರಲ್ಲೊಂದು ಪಾಲು, ಸುಮಾರು 27 ಲಕ್ಷ. ಆ ಗುಮಾಸ್ತರದೂ ಒಂದು ಪ್ರತಿಮೆ ಆ ಗೋಡೆಯ ಮೇಲೆ ಇರಬೇಕಿತ್ತು ಎಂದು ನಾನು ಮನಸಾರೆ ಬಯಸುತ್ತೇನೆ.

ಅವರು ಬರೆದ ಹಾಳೆಗಳು ಈಗ ನಗರದ ಈಶಾನ್ಯದ ಅಂಚಿನಲ್ಲಿರುವ ಪ್ಯಾರಿಸ್ ಪತ್ರಾಗಾರದಲ್ಲಿವೆ. ಮುತ್ತಜ್ಜಿಯ ಮದುವೆ ಯಾವ ದಿನ ಆಯಿತೆಂದು ತಿಳಿಯಬೇಕಾದವರು ಯಾರೇ ಆದರೂ ಅವನ್ನು ತೆರೆದು ನೋಡಬಹುದು.