ಬ್ರೆಡ್ಡಿನ ಗಾಡಿ ಬಂತು

ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ಬೀದಿಯಲ್ಲಿ ಮೊದಲು ಕೆಮ್ಮುವುದು ಅಪ್ಪ, ಆಮೇಲೆ ಗಾಡಿ. ಹದಿನೇಳು ವರ್ಷಗಳಿಂದ ಈ ಸರದಿ ತಪ್ಪಿರಲಿಲ್ಲ. ಹೋದ ಆಷಾಢದಲ್ಲಿ ಒಂದು ದಿನ ಅಪ್ಪ ಕೆಮ್ಮಿದರು, ಗಾಡಿಯೂ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಮೆಕ್ಯಾನಿಕ್ಕು ಸೀಟೆತ್ತಿ ಒಳಗೆ ಇಣುಕಿ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಣ್ಣ, ಇದಕ್ಕೆ ಇನ್ನು ದುಡ್ಡು ಸುರೀಬೇಡಿ" ಅಂದ.

ನಮ್ಮದು ಮೈಸೂರಿನಲ್ಲಿ ಸಣ್ಣ ಬೇಕರಿ. ಬ್ರೆಡ್ಡು, ಬನ್ನು, ರಸ್ಕು, ದಿಲ್‌ಪಸಂದು, ಜತೆಗೆ ಕಾಂಗ್ರೆಸ್ ಕಡಲೆಕಾಯಿ. ಮಾಡಿದ್ದನ್ನು ಬೆಳಿಗ್ಗೆ ಶ್ರೀರಂಗಪಟ್ಟಣದ ಕಡೆಯ ಅಂಗಡಿಗಳಿಗೆ ಹಾಕಿ ಬರಬೇಕು, ಮತ್ತೆ ತುಂಬಿಕೊಂಡು ನಂಜನಗೂಡಿನ ಕಡೆಗೆ ಹೋಗಬೇಕು. ಗಾಡಿಯಿಲ್ಲದ ಬೇಕರಿ ಅಂದರೆ ಸಂಜೆಯ ಹೊತ್ತಿಗೆ ಗಟ್ಟಿಯಾಗುವ ಬನ್ನುಗಳ ಗುಡ್ಡೆ. ಹೊಸ ಗಾಡಿ ತೆಗೆದುಕೊಳ್ಳಲೇಬೇಕಾಯಿತು. ಡೀಸೆಲ್ಲೋ ಕರೆಂಟೋ ಅನ್ನುವ ಜಗಳ ಶುರುವಾದದ್ದು ಅಲ್ಲಿಂದ.

ಅಪ್ಪನ ಪಕ್ಷ ಡೀಸೆಲ್ಲಿನದು. ಅವರು ಮೊದಲು ಕೊಂಡ ಗಾಡಿ ಮೆಟಡೋರ್, ಅದೂ ಸೆಕೆಂಡ್ ಹ್ಯಾಂಡು. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮೂತಿ ಚಪ್ಪಟೆ, ಮೈ ಡಬ್ಬಿಯಂತೆ. ಹಳೆ ಮೈಸೂರಿನವರಿಗೆ ಸಾಮಾನು ಹೊರುವ ಎಲ್ಲ ಗಾಡಿಯೂ ಒಂದೋ 'ಟೆಂಪೊ', ಇಲ್ಲವೇ 'ಮೆಟಡೋರು'. ಎರಡೂ ಒಂದೇ ಊರಿನಿಂದ ಬಂದ ಹೆಸರುಗಳು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಟೆಂಪೊ ಅನ್ನುವ ಹೆಸರಿನಲ್ಲಿ ಸಣ್ಣ ಗಾಡಿ ಮಾಡುವ ಕಂಪನಿಯೊಂದಿತ್ತು, ಅದರ ವ್ಯಾನಿನ ಹೆಸರು ಮೆಟಡೋರ್. ಪುಣೆಯ ಬಜಾಜ್ ಟೆಂಪೊದವರ ಮೂಲಕ ಹೆಸರು ಇಲ್ಲಿಗೆ ಬಂತು. ಮೆಟಡೋರ್ ಅಂದರೆ ಸ್ಪೇನಿನಲ್ಲಿ ಗೂಳಿಯ ಜತೆ ಕಾಳಗಕ್ಕೆ ಇಳಿಯುವವನು. ನಮ್ಮದು ದೇವರಾಜ ಮಾರುಕಟ್ಟೆಯ ಹತ್ತಿರ ಗೂಳಿ ಅಡ್ಡ ನಿಂತರೆ, ಅದು ಸೊಪ್ಪು ತಿಂದು ಮುಗಿಸಿ ತಾನಾಗಿ ಸರಿಯುವ ತನಕ ಕೈಕಟ್ಟಿ ಕಾಯುತ್ತಿತ್ತು.

ಆ ಗಾಡಿಗೆ ಒಂದು ಚಾಳಿ. ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿತೋ, 'ಏರ್' ಹಿಡಿಯುತ್ತಿತ್ತು. ಆಮೇಲೆ ಎಣ್ಣೆ ತುಂಬಿದರೂ ಏಳುತ್ತಿರಲಿಲ್ಲ. ಒಂದು ಮುಂಜಾವ ಕಾವೇರಿ ಸೇತುವೆ ದಾಟುತ್ತಿದ್ದ ಹಾಗೆ ನಿಂತೇಬಿಟ್ಟಿತು. ಅಪ್ಪ ಲುಂಗಿ ಎತ್ತಿಕಟ್ಟಿ, ಸ್ಪ್ಯಾನರಿನಿಂದ ಪಂಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, "ಒತ್ತೋ" ಅಂದರು. ನಾನು ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಮೊದಲು ಪುಸ್ ಪುಸ್ ಅಂತ ಗಾಳಿ, ಆಮೇಲೆ ಫಿಲ್ಟರ್ ಕಾಫಿಯ ಹಾಗೆ ನೊರೆ, ಆಮೇಲೆ ಗುಳ್ಳೆಯಿಲ್ಲದೆ ಸಣ್ಣಗೆ ಹರಿದ ಡೀಸೆಲ್. "ಸಾಕು" ಅಂದು ನಟ್ಟು ಬಿಗಿದರು. ಗಾಡಿ ಎದ್ದಿತು. ಶಾಲೆಯಲ್ಲಿ ದಿನವಿಡೀ ನನ್ನ ಹೆಬ್ಬೆರಳು ಡೀಸೆಲ್ ನಾರುತ್ತಿತ್ತು, ಪಕ್ಕದಲ್ಲಿ ಕೂರುವವನು ಬೆಂಚಿನ ತುದಿಗೆ ಸರಿದಿದ್ದ. ನನಗೋ ಹೆಮ್ಮೆ. ಗಾಡಿಯ ಪ್ರಾಣ ಹೋಗಿದ್ದಾಗ ವಾಪಸು ತಂದ ಬೆರಳು ಅದು.

ಡೀಸೆಲ್ ಅನ್ನುವುದು ಎಣ್ಣೆಯ ಹೆಸರು ಅಂತಲೇ ಬಹಳ ಕಾಲ ನಂಬಿದ್ದೆ. ಅದು ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್, 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಸಂಸಾರದ ಹುಡುಗ. ಕಿಡಿಯ ಹಂಗೇ ಬೇಡ, ಗಾಳಿಯನ್ನು ಕತ್ತು ಹಿಸುಕಿದ ಹಾಗೆ ಒತ್ತಿದರೆ ಅದೇ ಕಾದು ಕೆಂಡವಾಗುತ್ತದೆ, ಅದರೊಳಕ್ಕೆ ಎಣ್ಣೆ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತದೆ ಅನ್ನುವುದು ಅವನ ತರ್ಕ. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅದನ್ನು ಓಡಿಸಿ ತೋರಿಸಿದ. ನನಗೆ ಇಷ್ಟವಾದ ಸಂಗತಿ ಮುಂದಿನದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಎಂಜಿನ್ನು ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ! ನಮ್ಮ ಗಾಡಿಯ ಹಿಂದೆ ಇದ್ದ ಕಾಂಗ್ರೆಸ್ ಕಡಲೆಕಾಯಿ ಡಬ್ಬಕ್ಕೂ ಮುಂದಿನ ಎಂಜಿನ್ನಿಗೂ ಇಂಥ ಹಳೆಯ ನೆಂಟಸ್ತನ ಇತ್ತೆಂದು ಯಾರಿಗೆ ಗೊತ್ತಿತ್ತು? 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದ. ಬೆಳಿಗ್ಗೆ ಕೋಣೆಯಲ್ಲಿ ಇರಲಿಲ್ಲ. ಹೆಣ ಸಿಕ್ಕಿದ್ದು ಎಷ್ಟೋ ದಿನದ ಮೇಲೆ, ಸಮುದ್ರದಲ್ಲಿ.

ಅಪ್ಪನಿಗೆ ಈ ಕಥೆ ಹೇಳಿದೆ. "ಪಾಪ" ಅಂದರು. ಒಂದು ಕ್ಷಣ ಬಿಟ್ಟು, "ಆದರೂ ಅವನ ಗಾಡೀನೇ ತಗೋ" ಅಂದರು.

ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅಪ್ಪ ವ್ಯಾಪಾರ ಮಾಡಿದ ಕಾಲದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಬಸ್ಸು, ಲಾರಿ, ರೈತರ ಪಂಪ್‌ಸೆಟ್ಟು ಅಂತ ಸರ್ಕಾರ ಬೆಲೆಯನ್ನು ಹಿಡಿದಿಟ್ಟಿತ್ತು, ಅದರ ನೆರಳಿನಲ್ಲಿ ನಮ್ಮ ಬನ್ನೂ ತಣ್ಣಗಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಬಿಟ್ಟರು. ಈಗ ಲೀಟರಿಗೆ 90 ರೂಪಾಯಿ ದಾಟಿದೆ. ಅಪ್ಪನ ತಲೆಯಲ್ಲಿ ಮಾತ್ರ ಡೀಸೆಲ್ ಇನ್ನೂ ಬಡವರ ಎಣ್ಣೆ.

ನಾನೊಂದು ಭಾನುವಾರ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ದಿನದ ಓಟ 88 ಕಿಲೋಮೀಟರ್. ನಿಂತು ನಿಂತು ಹೋಗುವ ನಮ್ಮ ಹಳೆಯ ಗಾಡಿ ಲೀಟರಿಗೆ 16 ಕೊಡುತ್ತಿತ್ತು. ಅಲ್ಲಿಗೆ ದಿನಕ್ಕೆ ಐದೂವರೆ ಲೀಟರ್, ಹತ್ತಿರ ಹತ್ತಿರ 500 ರೂಪಾಯಿ. ಕರೆಂಟಿನ ಗಾಡಿಗೆ ಸೋರಿಕೆಯೆಲ್ಲ ಸೇರಿ 20 ಯೂನಿಟ್ಟು, ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ 160. ತಿಂಗಳಿಗೆ ಹತ್ತು ಸಾವಿರ ಉಳಿಯುತ್ತದೆ. ನನಗೆ ಸಿಕ್ಕ ಕೊಟೇಶನ್ನುಗಳಲ್ಲಿ ಎರಡು ಗಾಡಿಗಳ ನಡುವೆ ಎರಡೂವರೆ ಲಕ್ಷದ ಅಂತರವಿತ್ತು. ಅದು ತೀರಲು ಎರಡು ವರ್ಷ ಚಿಲ್ಲರೆ. ಬ್ಯಾಟರಿ ಒಂದು ದಿನ ಸುಸ್ತಾಗುತ್ತದೆ, ಅದರ ಖರ್ಚು ಬರುತ್ತದೆ, ಒಪ್ಪಿದೆ. ಆದರೆ ಆಯಿಲ್ ಬದಲಾಯಿಸುವುದು, ಫಿಲ್ಟರು, ನಾಝಲ್ಲು, ಕ್ಲಚ್ ಪ್ಲೇಟು ಅಂತ ವರ್ಷವಿಡೀ ಕೊಡುತ್ತಿದ್ದ ಕಪ್ಪಕಾಣಿಕೆಯೂ ನಿಲ್ಲುತ್ತದಲ್ಲ. ಇನ್ನು ಭಾರದ ಮಾತು. ಬ್ರೆಡ್ಡೆಂದರೆ ಅರ್ಧ ಗಾಳಿ. ಗಾಡಿ ತುಂಬಿ ತುಳುಕಿದರೂ ಅರ್ಧ ಟನ್ನು ಆಗುವುದಿಲ್ಲ.

"ಮೊಬೈಲು ಚಾರ್ಜಿಗೆ ಹಾಕೋದೇ ಮರೀತೀಯ, ಗಾಡಿ ಹಾಕ್ತೀಯೇನೋ?" ಅಂದರು ಅಪ್ಪ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಕರೆಂಟಿನ ಗಾಡಿಯನ್ನು ನಿನ್ನೆ ಮೊನ್ನೆ ಹುಟ್ಟಿದ ಕೂಸು ಅಂದುಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ ಹೋದ ಶತಮಾನದಲ್ಲಿ ದಶಕಗಳ ಕಾಲ ಮನೆಮನೆಗೆ ಹಾಲು ಹಾಕಿದ್ದು ಬ್ಯಾಟರಿ ಗಾಡಿಗಳೇ, ಎಷ್ಟೋ ಕಡೆ ಬ್ರೆಡ್ಡು ಹಾಕಿದ್ದೂ. ವೇಗ ಬೇಡ, ದಾರಿ ದಿನವೂ ಅದೇ, ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಕೆಲಸ ಮುಗಿದ ಮೇಲೆ ಕೊಟ್ಟಿಗೆಗೆ ವಾಪಸು. ಹಸುವಿನ ದಿನಚರಿ. ಎಂಜಿನ್ನಿಗೆ ಇಂಥ ಬದುಕು ಒಗ್ಗುವುದಿಲ್ಲ, ಮೋಟರಿಗೆ ಇದೇ ಸುಖ. ನಮ್ಮ ಪಕ್ಕದ ಬೆಂಗಳೂರಿನಲ್ಲೂ 2001ರಲ್ಲೇ ರೇವಾ ಅನ್ನುವ ಪುಟ್ಟ ಕರೆಂಟ್ ಕಾರು ಬೀದಿಗೆ ಇಳಿದಿತ್ತು. ಜನ ನಕ್ಕರು. ನಾನೂ ನಕ್ಕಿದ್ದೆ, ಈಗ ಯಾಕೆ ಸುಳ್ಳು ಹೇಳಲಿ.

ಅಮ್ಮನನ್ನು ಒಲಿಸಲು ಬೇರೆ ದಾರಿ ಹಿಡಿದೆ. ಅವರ ತವರು ಮಳವಳ್ಳಿ, ಶಿವನಸಮುದ್ರ ಅಂದರೆ ಮನೆಯ ಹಿತ್ತಲು. 1902ರಲ್ಲಿ ಅಲ್ಲಿನ ನೀರಿನಿಂದ ಹುಟ್ಟಿದ ಕರೆಂಟು ತಂತಿಯ ಮೇಲೆ 147 ಕಿಲೋಮೀಟರ್ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇತ್ತ ನಾನು ಕಣ್ಣಿಟ್ಟಿದ್ದ ಟಾಟಾ ಏಸ್‌ನ ಎಲೆಕ್ಟ್ರಿಕ್ ಗಾಡಿ 2022ರಲ್ಲಿ ಬಂದಾಗ ಕಂಪನಿ ಹೇಳಿದ ಓಟ ಒಂದು ಚಾರ್ಜಿಗೆ 154 ಕಿಲೋಮೀಟರ್. "ನೋಡಮ್ಮ, ನಿಮ್ಮೂರ ಕರೆಂಟು ಆಗ ಎಷ್ಟು ದೂರ ನಡೆಯಿತೋ ನಮ್ಮ ಗಾಡಿ ಈಗ ಅಷ್ಟೇ ದೂರ ಓಡತ್ತೆ" ಅಂದೆ. ಅಮ್ಮನಿಗೆ ಖುಷಿಯಾಯಿತು. ರಾತ್ರಿ ನಾನು ಗಾಡಿಗೆ ತುಂಬುವ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲಿನ ಪಾಲೂ ಇದೆ, ಪಾವಗಡದ ಬಿಸಿಲು ರಾತ್ರಿಯಲ್ಲಿ ಸಿಗುವುದಿಲ್ಲ ಅನ್ನುವುದನ್ನು ಹೇಳಲಿಲ್ಲ. ತವರಿನ ವಿಷಯದಲ್ಲಿ ಸ್ವಲ್ಪ ಕಡಿಮೆ ಮಾತಾಡುವುದು ಮೇಲು.

ಅಪ್ಪ ಕೊನೆಯ ಅಸ್ತ್ರ ತೆಗೆದರು. "ನಿಮ್ಮಜ್ಜಿಗೆ ಎದೆನೋವು ಬಂದಾಗ ಮಧ್ಯರಾತ್ರಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾವ ಗಾಡೀಲಿ? ನಂಜನಗೂಡು ಜಾತ್ರೆಗೆ ಇಡೀ ಬೀದಿ ಹೋಗ್ತಿದ್ದದ್ದು ಯಾವ ಗಾಡೀಲಿ?"

ಮೆಟಡೋರಿನಲ್ಲೇ. ಬ್ರೆಡ್ಡಿನ ಟ್ರೇ ಇಳಿಸಿ, ಜಮಖಾನ ಹಾಸಿ, ಅಜ್ಜಿಯನ್ನು ಮಲಗಿಸಿದ್ದು ನನಗೂ ನೆನಪಿದೆ. ಅಜ್ಜಿ ಆಮೇಲೆ ಹನ್ನೊಂದು ವರ್ಷ ಬದುಕಿದರು, ಮೆಟಡೋರು ಆರು. ಅಪ್ಪ ಡೀಸೆಲ್ಲಿನ ಪರವಾಗಿ ಮಾತಾಡುತ್ತಿಲ್ಲ, ಆ ರಾತ್ರಿಯ ಪರವಾಗಿ ಮಾತಾಡುತ್ತಿದ್ದಾರೆ ಅನ್ನುವುದು ನನಗೆ ಹೊಳೆದದ್ದು ಆಗ. ಆದರೆ ಈಗ ಅಂಥದ್ದೇನಾದರೂ ಆದರೆ 108ಕ್ಕೆ ಫೋನು ಮಾಡುತ್ತೇವೆ, ಜಾತ್ರೆಗೆ ಬಸ್ಸಿದೆ. ವರ್ಷಕ್ಕೊಂದು ರಾತ್ರಿ ಬೇಕಾಗಬಹುದು ಅಂತ ಉಳಿದ 364 ದಿನ ಎಣ್ಣೆ ಸುಡುವುದು ನನ್ನ ಲೆಕ್ಕಕ್ಕೆ ಕೂರಲಿಲ್ಲ. ಗಾಡಿ ಆರಿಸುವುದೆಂದರೆ ನಮ್ಮ ದಿನ ಎಷ್ಟು ಉದ್ದ ಅಂತ ಅಳೆಯುವುದು. ನಮ್ಮದು 88 ಕಿಲೋಮೀಟರ್. ಕಂಪನಿ ಹೇಳುವ 154ರಲ್ಲಿ ಹೊರೆ, ಉಬ್ಬು, ಬ್ರೇಕು ಅಂತ ಕಳೆದು ನೂರೇ ಸಿಕ್ಕರೂ ಸಾಕು. ದಿನಾ ಹಾಸನಕ್ಕೋ ಮಂಗಳೂರಿಗೋ ಲೋಡು ಒಯ್ಯುವವನಾಗಿದ್ದರೆ ಅಪ್ಪನ ಮಾತನ್ನೇ ಕೇಳುತ್ತಿದ್ದೆ.

ಶ್ರಾವಣದಲ್ಲಿ ಕರೆಂಟಿನ ಗಾಡಿ ಮನೆಗೆ ಬಂತು. ಅಮ್ಮ ನಿಂಬೆಹಣ್ಣು ಇಟ್ಟರು. ಅಪ್ಪ ಒಂದು ಸುತ್ತು ಬಂದು ಹಿಂಬದಿಯಲ್ಲಿ ಬಗ್ಗಿ ನೋಡಿ, "ಸೈಲೆನ್ಸರೇ ಇಲ್ವಲ್ಲೋ" ಅಂದರು. ಹಳೆಯ ಗಾಡಿ ಗುಜರಿಗೆ ಹೋಗುವ ದಿನ ಮನೆಯಲ್ಲಿ ಇರದೆ ಎಲ್ಲಿಗೋ ಹೋದರು. ಈಗ ರಾತ್ರಿ ಒಂಬತ್ತಕ್ಕೆ ಚಾರ್ಜಿಗೆ ಹಾಕುವವರು ಅವರೇ. ನಾನು ಮರೆಯುತ್ತೇನೆಂದು ಅವರಿಗೆ ಖಾತ್ರಿ.

ತೊಂದರೆ ಬಂದದ್ದು ನಾವು ಯಾರೂ ಎಣಿಸದ ಕಡೆಯಿಂದ. ಮೂರನೆಯ ದಿನ ಡ್ರೈವರ್ ವಾಪಸು ಬಂದ, ಗಾಡಿಯಲ್ಲಿ ನಾಲ್ಕು ಟ್ರೇ ಬ್ರೆಡ್ಡು ಹಾಗೇ ಇದೆ. "ಅಣ್ಣ, ಅಂಗಡಿಗಳು ಬಾಗಿಲೇ ತೆಗೀತಿಲ್ಲ." ಹದಿನೇಳು ವರ್ಷ ಅವರೆಲ್ಲ ಎದ್ದಿದ್ದು ನಮ್ಮ ಗಾಡಿಯ ಗಡಗಡ ಕೇಳಿ. ಅದು ಬೀದಿ ತಿರುವಿನಲ್ಲಿ ಕೆಮ್ಮಿದರೆ ಇತ್ತ ಶಟರ್ ಮೇಲೇರುತ್ತಿತ್ತು. ಹೊಸದು ಬೆಕ್ಕಿನ ಹಾಗೆ ಬಂದು ನಿಲ್ಲುತ್ತದೆ. ಹಾರ್ನ್ ಹೊಡೆದರೆ ಪಕ್ಕದ ಮನೆಯವರು ಬಯ್ಯುತ್ತಾರೆ.

ಆದ್ದರಿಂದ ಶ್ರೀರಂಗಪಟ್ಟಣ ದಾರಿಯ ನಮ್ಮ ಅಂಗಡಿಯವರಲ್ಲಿ ಒಂದು ವಿನಂತಿ: ಬ್ರೆಡ್ಡಿನ ಗಾಡಿ ಐದು ಗಂಟೆ ಹತ್ತು ನಿಮಿಷಕ್ಕೆ ಬರುತ್ತದೆ. ದಯವಿಟ್ಟು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.