ಗೋಡೆಯ ಮೇಲಿನ ಬಯಲು

ನಮ್ಮ ಮನೆಯ ಗೋಡೆಗೆ ಮನುಷ್ಯರ ಚಿತ್ರ ಏರುವಂತಿರಲಿಲ್ಲ. ನಮಾಝ್ ಮಾಡುವ ಕೋಣೆಯಲ್ಲಿ ಜೀವಿಗಳ ತಸ್ವೀರ್ ಇರಬಾರದೆಂದು ಅಬ್ಬಾ ಹೇಳುತ್ತಿದ್ದರು. ಇದ್ದದ್ದೇ ಎರಡು ಕೋಣೆ, ಎರಡರಲ್ಲೂ ನಮಾಝ್ ನಡೆಯುತ್ತಿತ್ತು. ಹಾಗಾಗಿ ಶಿರಸಿ ಪೇಟೆಯ ಅಂಗಡಿಗಳವರು ಕೊಡುತ್ತಿದ್ದ ಕ್ಯಾಲೆಂಡರುಗಳಲ್ಲಿ ಮಕ್ಕಾ ಮದೀನಾ ಇದ್ದದ್ದು, ಇಲ್ಲವೇ ಬೆಟ್ಟ ಬಯಲಿನ 'ಮನ್ಝರ್' ಇದ್ದದ್ದು ಮಾತ್ರ ಒಳಗೆ ಬರುತ್ತಿತ್ತು. ಒಂದು ವರ್ಷ ಪರದೇಶದ ಬಯಲೊಂದು ಬಂತು. ಮೂರರಲ್ಲಿ ಎರಡು ಪಾಲು ಮೋಡ ತುಂಬಿದ ಆಕಾಶ, ಕೆಳಗೆ ಒಂದು ಪಟ್ಟಿಯಷ್ಟು ನೆಲ, ದೂರದ ಅಂಚಿನಲ್ಲಿ ಒಂದು ಗೋಪುರ. ಅಮ್ಮಿ ಅದನ್ನು ಮಸೀದಿಯ ಮಿನಾರವೆಂದೇ ನಂಬಿದ್ದರು. ನೆಲದ ಮೇಲೆ ಹಾಸಿದ್ದ ಬಿಳಿ ಪಟ್ಟಿಗಳು ಅವರ ಪಾಲಿಗೆ ಒಣಹಾಕಿದ ಅಡಿಕೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯಲು ಹೋಗುತ್ತಿದ್ದವರಿಗೆ ಇನ್ನೇನು ಕಾಣಬೇಕು? ವರ್ಷ ಮುಗಿದ ಮೇಲೂ ತಾರೀಖಿನ ಹಾಳೆ ಹರಿದು ಚಿತ್ರವನ್ನು ಉಳಿಸಿಕೊಂಡರು.

ಮಕ್ಕಳಾದ ನಮಗೆ ಅಷ್ಟು ಆಕಾಶವೇ ಸೋಜಿಗ. ಶಿರಸಿ, ಸಿದ್ದಾಪುರದ ಕಡೆ ಕಣ್ಣು ನೂರು ಮಾರು ಹೋಗುವುದರೊಳಗೆ ಮರ ಅಡ್ಡ ಬರುತ್ತದೆ.

ಒಮ್ಮೆ ಬಂದಿದ್ದ ನೆಂಟರೊಬ್ಬರು ಹತ್ತಿರ ಹೋಗಿ ನೋಡಿ, "ಇದರಲ್ಲಿ ಮನುಷ್ಯರಿದ್ದಾರಲ್ಲ!" ಎಂದರು. ಅಬ್ಬಾ ಕನ್ನಡಕ ಹಾಕಿಕೊಂಡರು. ಇದ್ದರು, ಇರುವೆಯಷ್ಟು. ಚರ್ಚೆ ಶುರುವಾಯಿತು. ನೆಲದ ಮೇಲಿಟ್ಟಾಗ ನಿಂತವರ ಕಣ್ಣಿಗೆ ಅಂಗಾಂಗ ಸ್ಪಷ್ಟವಾಗಿ ಕಾಣದಷ್ಟು ಸಣ್ಣ ಚಿತ್ರಕ್ಕೆ ಹನಫಿ ಫಿಕ್ಹ್‌ನಲ್ಲಿ ರಿಯಾಯಿತಿ ಇದೆ. ಕ್ಯಾಲೆಂಡರನ್ನು ನೆಲಕ್ಕಿಟ್ಟು ಎಲ್ಲರೂ ಸುತ್ತ ನಿಂತೆವು. ಮುಖ ಯಾರಿಗೂ ಕಾಣಲಿಲ್ಲ. ಚಿತ್ರ ಮತ್ತೆ ಮೊಳೆಗೇರಿತು. "ಮುಖ ಕಾಣದಿದ್ದರೇನು, ಸೊಂಟ ಬಗ್ಗಿಸಿದ್ದು ಕಾಣುತ್ತಿದೆ" ಎಂದು ಅಮ್ಮಿ ಒಳಗೆ ಹೋದರು.

ಬಹಳ ವರ್ಷಗಳ ಮೇಲೆ ಪುಸ್ತಕವೊಂದರಲ್ಲಿ ಅದೇ ಚಿತ್ರ ಸಿಕ್ಕಿತು. ಹಾಲೆಂಡಿನ ಯಾಕೊಬ್ ವಾನ್ ರಾಯ್ಸ್‌ಡಾಲ್ 1670ರಿಂದ 1675ರ ಸುಮಾರಿಗೆ ಬರೆದದ್ದು. ಈಗ ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಅಷ್ಟು ವಿಶಾಲ ಬಯಲು ಹಿಡಿಸಿದ ಕ್ಯಾನ್ವಾಸು ಎರಡು ಅಡಿಗಿಂತ ಸ್ವಲ್ಪವೇ ಅಗಲ. ಮಿನಾರವಲ್ಲ, ಹಾರ್ಲೆಮ್ ಊರಿನ ಸಂತ ಬಾವೋ ಇಗರ್ಜಿ. ಅಡಿಕೆಯೂ ಅಲ್ಲ, ಅಗಸೆ ನಾರಿನ ಬಟ್ಟೆ. ಅದನ್ನು ಕ್ಷಾರದ ನೀರಿನಲ್ಲಿ, ಮಜ್ಜಿಗೆಯಲ್ಲಿ ನೆನೆಸಿ ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿ ಬಿಳುಪು ಮಾಡುತ್ತಿದ್ದರು. ಮೋಡಗಳ ನಡುವಿನಿಂದ ಇಳಿದ ಬೆಳಕನ್ನು ಕಲಾವಿದ ಬೀಳಿಸಿದ್ದು ಇಗರ್ಜಿಯ ಮೇಲಲ್ಲ, ಆ ಬಟ್ಟೆಗಳ ಮೇಲೆ. ಆ ದೇಶದ ಸಿರಿಯಲ್ಲಿ ನಮ್ಮ ಕಡೆಯ ಪಾಲೂ ಇತ್ತೆನ್ನಿ. ಅದೇ ಕಾಲಕ್ಕೆ ಅವರ ಹಡಗುಗಳು ಕಾಳುಮೆಣಸಿಗಾಗಿ ಈ ಕರಾವಳಿಗೆ ಬರುತ್ತಿದ್ದವು. 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದವರೂ ಅವರೇ.

ಇಗರ್ಜಿಯ ವಿಷಯ ಅಮ್ಮಿಗೆ ಹೇಳಲಿಲ್ಲ. ಬಟ್ಟೆಯ ವಿಷಯ ಹೇಳಿದೆವು. ಮಜ್ಜಿಗೆ ದಂಡ ಎಂದರು.

ಆಮೇಲೊಮ್ಮೆ ಅವರನ್ನು ಯಲ್ಲಾಪುರದ ಜೇನುಕಲ್ಲು ಗುಡ್ಡಕ್ಕೆ ಕರೆದೊಯ್ದೆವು. ಅಲ್ಲಿ ಕಾಡು ಒಮ್ಮೆಲೆ ಮುಗಿದು, ಕಾಲಡಿಯ ಆಳದಲ್ಲಿ ಬೇಡ್ತಿ ಹೊಳೆ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಈ ತಾಲ್ಲೂಕಿನ ಕಾಡಿನೊಳಗೆ ಸಿದ್ದಿಗಳು, ಗೌಳಿಗಳು, ಕುಣಬಿಗಳು ಇದ್ದಾರೆಂದು ಶಾಲೆಯಿಂದಲೇ ಓದಿಕೊಂಡು ಬಂದವರು ನಾವು. ಆದರೂ ಸಂಜೆಯ ಬೆಳಕಿನಲ್ಲಿ ಫೋಟೋ ಹೊಡೆಯುತ್ತಾ, "ಒಂದು ನರಪಿಳ್ಳೆಯೂ ಇಲ್ಲ, ಎಷ್ಟು ಚೆಂದ!" ಎಂದುಕೊಂಡೆವು.

ಅಮ್ಮಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಮರಗಳ ನಡುವಿನಿಂದ ಏಳುತ್ತಿದ್ದ ಸಣ್ಣ ಹೊಗೆಯನ್ನು ಬೆರಳಿಟ್ಟು ತೋರಿಸಿ, "ಅಲ್ಲಿ ಯಾರೋ ಒಲೆ ಹಚ್ಚಿದ್ದಾರೆ" ಎಂದರು.