ಕುಸ್ತಿಯಲ್ಲಿ ಬಣ್ಣದ ವೇಷ

ಕುಸ್ತಿಯನ್ನು ಕುರಿತು ಬರೆಯುವುದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲವೆಂದು ಗೆಳೆಯರು ಹೇಳುತ್ತಾರೆ. ನನ್ನ ತೂಕ ೫೨ ಕಿಲೋ. ಹಂಪನಕಟ್ಟೆಯಲ್ಲಿ ಬಸ್ಸು ಹತ್ತುವಾಗಿನ ನೂಕುನುಗ್ಗಲನ್ನು ಬಿಟ್ಟರೆ ಬೇರೆ ಯಾವ ಮಲ್ಲಯುದ್ಧದಲ್ಲಿಯೂ ನಾನು ಭಾಗವಹಿಸಿದವನಲ್ಲ. ಅದರಲ್ಲಿಯೂ ಗೆದ್ದದ್ದು ಕಡಮೆ. ಆದರೆ ನೋಡುವವನಿಗೂ ಒಂದು ಅಧಿಕಾರ ಉಂಟು. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ಆಟದ ಗುಣದೋಷಗಳನ್ನು ಎತ್ತಿ ಆಡುವವರೆಲ್ಲ ಗೆಜ್ಜೆ ಕಟ್ಟಿದವರೇನಲ್ಲವಷ್ಟೆ.

ನಾನು ಹೇಳಹೊರಟದ್ದು ಮೈಸೂರು ದಸರೆಯ ಮಟ್ಟಿಯ ಕುಸ್ತಿಯ ಮಾತಲ್ಲ. ಅದು ನಮಗೆ ದೂರದ್ದು. ಆ ಕಡೆಯವನು ಗರಡಿಗೆ ಹೋಗುತ್ತೇನೆಂದರೆ ಅಂಗಿ ಬಿಚ್ಚಿ ಸಾಮು ಮಾಡಲು ಹೋಗುತ್ತಾನೆ; ಮಂಗಳೂರಿನವನು ಗರಡಿಗೆ ಹೋಗುತ್ತೇನೆಂದರೆ ಕಂಕನಾಡಿಯಲ್ಲಿ ಕೋಟಿ ಚೆನ್ನಯರಿಗೆ ಕೈಮುಗಿಯಲು ಹೋಗುತ್ತಾನೆ. ನಾನು ಹೇಳುವುದು ಹಗ್ಗ ಬಿಗಿದ ಚೌಕದೊಳಗೆ ನಡೆಯುವ ವೃತ್ತಿಕುಸ್ತಿ. ಟೆಲಿವಿಷನ್ನಿನಲ್ಲಿ ಬಂದು, ಈಗ ನಮ್ಮ ಹಾಸ್ಟೆಲಿನ ಪ್ರತಿಯೊಬ್ಬನ ಮೊಬೈಲಿನೊಳಗೂ ಮನೆಮಾಡಿಕೊಂಡಿರುವ ಅಮೆರಿಕದ ಕುಸ್ತಿ.

ಅದನ್ನು ನೋಡುತ್ತ ಕುಳಿತವನ ಬೆನ್ನ ಹಿಂದೆ ಯಾರಾದರೊಬ್ಬರು ಬಂದು ನಿಂತು, “ಅದೆಲ್ಲ ನಾಟಕ ಮಾರಾಯ” ಎಂದು ಹೇಳಿಯೇ ಹೇಳುತ್ತಾರೆ. ಗೆಲ್ಲುವವನಾರು, ಸೋಲುವವನಾರು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ ಎಂಬುದೇನೋ ನಿಜ. ಆ ವ್ಯವಹಾರದ ಅತಿ ದೊಡ್ಡ ಕಂಪೆನಿಯೇ ೧೯೮೯ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ‘ನಮ್ಮದು ಪಂದ್ಯವಲ್ಲ, ಮನರಂಜನೆ’ ಎಂದು ಒಪ್ಪಿಕೊಂಡಿತು. ಆದರೆ ಯಕ್ಷಗಾನದ ನಾಡಿನಲ್ಲಿ ಹುಟ್ಟಿದವನಿಗೆ ಇದೊಂದು ಆಕ್ಷೇಪಣೆಯಾಗಿ ಕಾಣುವುದೇ ಇಲ್ಲ. ‘ಮಾಗಧ ವಧೆ’ಯಲ್ಲಿ ಜರಾಸಂಧ ಸಾಯುತ್ತಾನೆಂಬುದು ಪ್ರಸಂಗದ ಹೆಸರಿನಲ್ಲಿಯೇ ಉಂಟು. ಅದನ್ನು ತಿಳಿದೇ ಚಾಪೆ ಹಿಡಿದುಕೊಂಡು ಹೋಗಿ ಬೆಳಗಿನವರೆಗೆ ಕುಳಿತವರು ನಮ್ಮ ಹಿರಿಯರು. ಆದುದರಿಂದ ನನ್ನ ಪ್ರಶ್ನೆ ನಿಜವೋ ಸುಳ್ಳೋ ಎಂಬುದಲ್ಲ. ಹಿಂದಿನ ಮಲ್ಲರು ಆಡಿದ ರೀತಿಗೂ ಇಂದಿನವರು ಆಡುವ ರೀತಿಗೂ ನಡುವೆ ಏನು ಕಳೆದುಹೋಯಿತು ಎಂಬುದು.

ಕುಸ್ತಿ ವಿನೋದದ ಸಾಲಿಗೆ ಸೇರಿದ್ದು ಅಮೆರಿಕದವರಿಂದಲೇನೂ ಅಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂದೇ ಒಂದು ಭಾಗ ಉಂಟು, ಮಲ್ಲರ ದರ್ಜೆಗಳು, ಅವರ ಆಹಾರ, ಸಾಧನೆ, ಪಟ್ಟುಗಳು ಎಲ್ಲವೂ ಅಲ್ಲಿ ಅರಸನ ವಿನೋದಗಳಲ್ಲಿ ಒಂದಾಗಿ ಬರುತ್ತವೆ. ಆದರೆ ನಿಜವಾದ ಕುಸ್ತಿ ಯಾವಾಗಲೂ ವಿನೋದವಾಗಿರುತ್ತದೆಂದು ತಿಳಿಯಬಾರದು. ೧೯೧೦ರ ಸೆಪ್ಟೆಂಬರ್ ೧೦ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಜಿಬಿಸ್ಕೋನಿಗೂ ನಡೆದ ಪ್ರಸಿದ್ಧ ಕಾಳಗವನ್ನೇ ನೋಡಿ. ಜಿಬಿಸ್ಕೋ ಬೋರಲು ಮಲಗಿದವನು ಏಳಲೇ ಇಲ್ಲ. ಎರಡೂವರೆ ಗಂಟೆಗೂ ಮಿಕ್ಕಿ ಗಾಮಾ ಆ ಬಂಡೆಯನ್ನು ಮಗುಚಲು ನೋಡಿದ, ಮಗುಚಲಿಲ್ಲ. ಪಂದ್ಯ ಸಮವಾಯಿತು. ಒಂದು ವಾರದ ಬಳಿಕ ಮತ್ತೆ ಕೂಡಬೇಕಾಗಿದ್ದಾಗ ಜಿಬಿಸ್ಕೋ ಬರಲಿಲ್ಲ, ಗೆಲುವು ಗಾಮಾನದಾಯಿತು. ೧೯೨೮ರಲ್ಲಿ ಪಟಿಯಾಲದಲ್ಲಿ ಅವರಿಬ್ಬರೂ ಪುನಃ ಸೇರಿದಾಗ ಒಂದು ನಿಮಿಷವೂ ಪೂರ್ತಿಯಾಗುವ ಮೊದಲೇ ಗಾಮಾ ಗೆದ್ದುಬಿಟ್ಟ. ಅಂದರೆ ಲಂಡನ್ನಿನಲ್ಲಿ ಕೊಟ್ಟ ಹಣಕ್ಕೆ ಕಂಡದ್ದು ಒಬ್ಬನ ಬೆನ್ನು ಮಾತ್ರ. ಪಟಿಯಾಲದಲ್ಲಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳಲು ತಲೆ ಬಗ್ಗಿಸಿದವನಿಗೆ ಏನೂ ಕಂಡಿರಲಾರದು!

ಅಮೆರಿಕದಲ್ಲಿಯೂ ಇದೇ ಕಥೆ. ೧೯೧೬ರಲ್ಲಿ ಒಮಾಹಾ ನಗರದಲ್ಲಿ ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್ ಮತ್ತು ಜೋ ಸ್ಟೆಕರ್ ಸುಮಾರು ಐದು ಗಂಟೆ ಒಬ್ಬರಿಗೊಬ್ಬರು ಅಂಟಿಕೊಂಡಿದ್ದು ಕೊನೆಗೆ ಸಮವೆಂದು ಎದ್ದರು. ಇಂಥದನ್ನು ಯಾರು ಎಷ್ಟು ದಿನ ಸಹಿಸಿಯಾರು? ೧೯೨೦ರ ದಶಕದಲ್ಲಿ ಅದೇ ಲೂಯಿಸ್ ತನ್ನ ಇಬ್ಬರು ಜೊತೆಗಾರರೊಡನೆ ಸೇರಿ ಪಂದ್ಯಕ್ಕೆ ಕಾಲಮಿತಿ ಹಾಕಿ, ಎತ್ತಿ ಬಿಸಾಡುವ ವರಸೆಗಳನ್ನು ಸೇರಿಸಿ, ಫಲಿತಾಂಶವನ್ನು ಮೊದಲೇ ಗೊತ್ತುಮಾಡಿ, ಕುಸ್ತಿಯನ್ನು ಮೇಳ ಕಟ್ಟಿದಂತೆ ಕಟ್ಟಿದ. ಕುಸ್ತಿಯನ್ನು ಆಟವನ್ನಾಗಿ ಮಾಡಿದ್ದು ಮೋಸವೆನ್ನುವವರು ಆಕಳಿಸಿದ ಪ್ರೇಕ್ಷಕರನ್ನೂ ನೆನೆಯಬೇಕು.

ಆದರೂ ಆ ಮೊದಲ ಮೇಳದವರಿಗೆ ಪಟ್ಟುಗಳು ಗೊತ್ತಿದ್ದುವು. ಲೂ ಥೆಜ್ ಎಂಬವನು ೧೯೩೭ರಲ್ಲಿ, ೨೧ನೆಯ ವಯಸ್ಸಿನಲ್ಲಿ, ಜಗಜ್ಜಟ್ಟಿಯ ಪಟ್ಟಕ್ಕೆ ಬಂದ. ಎದುರಾಳಿ ಮಾತು ತಪ್ಪಿ ನಿಜವಾಗಿ ಸೆಣಸಿದರೂ ಅವನ ಕೀಲು ತಿರುಚಿ ಕೂರಿಸುವ ಶಕ್ತಿ ಇವನಿಗಿತ್ತು. ಪಟ್ಟವನ್ನು ಇವನಲ್ಲಿ ನಂಬಿ ಇಡುತ್ತಿದ್ದುದು ಅದಕ್ಕಾಗಿಯೇ. ೧೯೬೮ರಲ್ಲಿ ಮುಂಬಯಿಯಲ್ಲಿ ದಾರಾ ಸಿಂಗ್ ಸೋಲಿಸಿದ್ದು ಈ ಥೆಜ್‌ನನ್ನೇ. ೧೯೯೦ರ ಡಿಸೆಂಬರಿನಲ್ಲಿ, ೭೪ ವರ್ಷದ ಮುದುಕನಾಗಿ, ಥೆಜ್ ಜಪಾನಿನಲ್ಲಿ ತನ್ನ ಕೊನೆಯ ಪಂದ್ಯವಾಡಿದ. ಈ ಒಂದು ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಅಜ್ಜ ೧೯೬೨ರಲ್ಲಿ, ೧೬ನೆಯ ವಯಸ್ಸಿನಲ್ಲಿ, ಈ ಕಡೆಯ ಅನೇಕ ಹುಡುಗರಂತೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ಅಲ್ಲಿ ದಾರಾ ಸಿಂಗನ ಕುಸ್ತಿ ನೋಡಿದ್ದನ್ನು ಇಂದಿಗೂ ಹೇಳುತ್ತಾರೆ. ಕಿಂಗ್ ಕಾಂಗ್ ಎಂಬ ಬೆಟ್ಟದಂಥ ದೇಹದ ಹಂಗೇರಿಯವನು ಚೌಕದೊಳಗೆ ಕಾಲಿಟ್ಟರೆ ಮುಂದಿನ ಸಾಲಿನ ಮಕ್ಕಳು ತಂದೆಯ ಮಡಿಲಿಗೆ ಹತ್ತುತ್ತಿದ್ದುವಂತೆ. “ಅದೆಲ್ಲ ಮೊದಲೇ ಮಾತಾಡಿಕೊಂಡದ್ದು ಅಂತ ಗೊತ್ತಿತ್ತಾ ಅಜ್ಜಾ?” ಎಂದು ನಾನು ಒಮ್ಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತಾಡಿಕೊಂಡಿರಬಹುದು ಮಗಾ. ಆದರೆ ಅಷ್ಟು ಭಾರವನ್ನು ಎತ್ತಿದ್ದು ಮಾತಿನಿಂದಲಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಭಾರ—ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ತೆಂಕುತಿಟ್ಟಿನ ಆಟದಲ್ಲಿ ಬಣ್ಣದ ವೇಷ ಬರುವುದನ್ನು ನೆನೆದುಕೊಳ್ಳಿ. ತೆರೆಯ ಹಿಂದೆ ಚೆಂಡೆ ಗುಡುಗುತ್ತದೆ, ತೆರೆಯ ಮೇಲೆ ಕಿರೀಟದ ತುದಿ, ಆಮೇಲೆ ಕೈ, ಅಟ್ಟಹಾಸ. ಮುಖ ಕಾಣಬೇಕಾದರೆ ಕಾಯಬೇಕು. ಅಂಥದೊಂದು ವೇಷ ರಂಗಸ್ಥಳವನ್ನು ತುಂಬಿ ನಿಂತ ಮೇಲೆ ಪುಂಡುವೇಷದ ಹುಡುಗ ಬಂದು ದಿಗಿಣ ಹೊಡೆದರೆ ಆ ದಿಗಿಣಕ್ಕೆ ಅರ್ಥ ಬರುತ್ತದೆ. ಅಜ್ಜನ ಕಾಲದ ಕಿಂಗ್ ಕಾಂಗ್ ಅಂಥ ಬಣ್ಣದ ವೇಷ. ೧೯೯೦ರಿಂದ ೨೦೨೦ರವರೆಗೆ ಅಮೆರಿಕದ ಆ ಕಂಪೆನಿಯ ಮೇಳದಲ್ಲಿದ್ದ ಅಂಡರ್‌ಟೇಕರನೂ ಹಾಗೆಯೇ: ದೀಪಗಳು ಆರುತ್ತವೆ, ಗಂಟೆ ಬಡಿಯುತ್ತದೆ, ಕರಿಯ ನಿಲುವಂಗಿಯ ಆ ಎತ್ತರದ ಮನುಷ್ಯ ಅವಸರವೇ ಇಲ್ಲದೆ ನಡೆದು ಬರುತ್ತಾನೆ. ಆ ನಡಿಗೆಯಲ್ಲಿಯೇ ಅರ್ಧ ಕುಸ್ತಿ ಮುಗಿದಿರುತ್ತದೆ. ಇವನಿಗೆ ಯಕ್ಷಗಾನ ಕಲಿಸಿದವರಾರೆಂದು ನಾನು ಬೆರಗಾದದ್ದುಂಟು.

ಇಂದು ಚೌಕದ ತುಂಬ ಪುಂಡುವೇಷಗಳೇ. ೨೦೧೬ರ ಮೇ ೨೭ರಂದು ಟೋಕಿಯೋದ ಕೊರಾಕುಯೆನ್ ಸಭಾಂಗಣದಲ್ಲಿ ಇಂಗ್ಲೆಂಡಿನ ವಿಲ್ ಆಸ್ಪ್ರೇ ಮತ್ತು ಅಮೆರಿಕದ ರಿಕೋಶೆ ಆಡಿದ ಕುಸ್ತಿ ಇದಕ್ಕೆ ಮಾದರಿ. ಇಬ್ಬರೂ ಒಟ್ಟಿಗೆ ಹಾರುತ್ತಾರೆ, ಒಟ್ಟಿಗೆ ತಿರುಗುತ್ತಾರೆ, ಒಟ್ಟಿಗೆ ನೆಲಕ್ಕೆ ಬಂದು ಒಂದೇ ಭಂಗಿಯಲ್ಲಿ ನಿಲ್ಲುತ್ತಾರೆ. ಸೊಗಸೇನೋ ಸೊಗಸೇ. ನಾನು ನಾಲ್ಕೈದು ಸಲ ನೋಡಿದ್ದೇನೆ. ಆದರೆ ಯಾರು ಗೆದ್ದರೆಂಬುದು ಪ್ರತಿಸಲವೂ ಮರೆತುಹೋಗುತ್ತದೆ. ವೇಡರ್ ಎಂಬ ಹಳೆಯ ಮಲ್ಲ ಇದನ್ನು ಕಂಡು ಕೆರಳಿ, ಕಥೆಯಿಲ್ಲದ ಕಸರತ್ತೆಂದು ಟೀಕಿಸಿದ. ದೊಡ್ಡ ವಾಗ್ವಾದವಾಯಿತು. ಅದೇ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ವೇಡರನಿಗೂ ಆಸ್ಪ್ರೇಗೂ ಕುಸ್ತಿಯನ್ನೇ ಏರ್ಪಡಿಸಿದರು, ಮುದುಕ ಗೆದ್ದ. (ಜಗಳವನ್ನು ಟಿಕೇಟು ಮಾಡಿ ಮಾರುವ ವಿದ್ಯೆಯಲ್ಲಿ ಹಳಬರಿಗೂ ಹೊಸಬರಿಗೂ ಭೇದವಿಲ್ಲ.) ಸೋಜಿಗವೆಂದರೆ ಸುಮಾರು ಇನ್ನೂರು ಕಿಲೋ ತೂಕದ ಆ ವೇಡರನೇ ತನ್ನ ಕಾಲದಲ್ಲಿ ಹಗ್ಗದ ಮೇಲಿನಿಂದ ಹಿಂಪಲ್ಟಿ ಹೊಡೆಯುತ್ತಿದ್ದವನು! ಆದರೆ ಅಪರೂಪಕ್ಕೆ, ಒಂದು. ಬಣ್ಣದ ವೇಷ ಒಂದು ದಿಗಿಣ ಹೊಡೆದರೆ ರಂಗಸ್ಥಳವೇ ಅದುರಿದಂತಾಗುವುದಿಲ್ಲವೆ? ಹಾಗೆ.

ರುಚಿಯ ಮಾತು ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಟೋಕಿಯೋದ ಅದೇ ಸಭಾಂಗಣದಲ್ಲಿ ೨೦೦೧ರ ಅಕ್ಟೋಬರ್ ೨೨ರಂದು ಹಯಾಬುಸಾ ಎಂಬ ಮಲ್ಲ, ಸಾವಿರ ಸಲ ಮಾಡಿದ್ದ ಹಿಂಪಲ್ಟಿಗೆಂದು ಹಗ್ಗ ಮೆಟ್ಟಿದಾಗ ಕಾಲು ಜಾರಿತು. ತಲೆ ಕೆಳಗಾಗಿ ಬಿದ್ದು ಕತ್ತು ಮುರಿಯಿತು. ಕೈಕಾಲುಗಳ ಸ್ವಾಧೀನ ಹೋಯಿತು. ಅವನು ಮತ್ತೆ ಕುಸ್ತಿಯಾಡಲಿಲ್ಲ. ೨೦೧೬ರ ಮಾರ್ಚಿನಲ್ಲಿ ತೀರಿಕೊಂಡ. ಆಸ್ಪ್ರೇಯೂ ೨೦೨೫ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಅವನಿಗಾಗ ೩೨ ವರ್ಷ. ಪಟ್ಟು ಹಾಕಿ ಆಡಿದ ಥೆಜ್ ೭೪ರಲ್ಲಿ ಕಣಕ್ಕಿಳಿದ. ಫಲಿತಾಂಶವನ್ನು ಮೊದಲೇ ಗೊತ್ತುಮಾಡಬಹುದು. ಬೀಳುವ ದೇಹಕ್ಕೆ ಅದು ತಿಳಿಯದು.

ತಪ್ಪು ಆ ತರುಣರದೆಂದು ನನಗನ್ನಿಸುವುದಿಲ್ಲ. ನಾವು ನೋಡುವುದು ಇಡೀ ಕುಸ್ತಿಯನ್ನಲ್ಲ, ಅದರ ಅರ್ಧ ನಿಮಿಷದ ತುಂಡನ್ನು. ಅರ್ಧ ನಿಮಿಷದಲ್ಲಿ ಬಣ್ಣದ ವೇಷದ ಕಿರೀಟದ ತುದಿಯೂ ಕಂಡೀತೆ? ಯಕ್ಷಗಾನಕ್ಕೂ ಕಾಲಮಿತಿ ಬಂದಿದೆ. ದಿಗಿಣ ಎಣಿಸುವವರು ಹೆಚ್ಚಾಗಿದ್ದಾರೆ. ೨೦೨೧ರಲ್ಲಿ ತೀರಿಕೊಂಡ ‘ಸಿಡಿಲಮರಿ’ ಪುತ್ತೂರು ಶ್ರೀಧರ ಭಂಡಾರಿಯವರು ದಿಗಿಣಕ್ಕೆ ಹೆಸರಾದವರು. ಅವರನ್ನು ಕಂಡ ಹಿರಿಯರು ಮಾತ್ರ ಎಣಿಕೆಯನ್ನು ಹೇಳುವುದಿಲ್ಲ. ಅವರ ಅಭಿಮನ್ಯು ಹೇಗೆ ಬಂದ ಎಂಬುದನ್ನು ಹೇಳುತ್ತಾರೆ.

ನನ್ನ ಸೋದರಮಾವನ ಮಗನೊಬ್ಬನಿದ್ದಾನೆ, ೧೭ ವರ್ಷದವನು. ಮಾರ್ನೆಮಿಗೆ ಹುಲಿವೇಷ ಹಾಕುತ್ತಾನೆ. ಎರಡು ತಿಂಗಳಿನಿಂದ ಪ್ರತಿ ಸಂಜೆ ತಣ್ಣೀರುಬಾವಿಯ ಹೊಯಿಗೆಯ ಮೇಲೆ ಪಲ್ಟಿ ಹೊಡೆಯುತ್ತಿದ್ದಾನೆ. ಕಳೆದ ವರ್ಷ ಒಟ್ಟಿಗೆ ಮೂರು, ಈ ವರ್ಷ ಐದು ಆಗಬೇಕಂತೆ. ಹೊಯಿಗೆಯ ಮೇಲೆ ಸರಿ, ವೇದಿಕೆಯ ಹಲಗೆಯ ಮೇಲೆ? ಕೇಳಿದರೆ, “ಪಲ್ಟಿ ಇಲ್ಲದಿದ್ದರೆ ಯಾರು ನೋಡುತ್ತಾರೆ, ಅಣ್ಣಾ?” ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಕಳೆದ ವರ್ಷ ಅವನ ತಂಡದ ಹಿರಿಯ ಹುಲಿಯೊಂದು ನಲವತ್ತು ಕಿಲೋದಷ್ಟು ಭಾರದ ಅಕ್ಕಿಮುಡಿಯ ಸುತ್ತ ಮೆಲ್ಲನೆ ಸುಳಿದದ್ದನ್ನು ನಾನು ಕಂಡೆ. ಮೂಸಿತು, ದೂರ ಸರಿಯಿತು, ಪುನಃ ಬಂದಿತು. ತಾಸೆಯವರೂ ಅದರ ಮೈಯನ್ನೇ ನೋಡುತ್ತ ಸದ್ದು ತಗ್ಗಿಸಿದರು. ಅಷ್ಟು ಹೊತ್ತು ಕೂಗುತ್ತಿದ್ದ ಜನ ಮಾತು ನಿಲ್ಲಿಸಿದರು. ಮೊಬೈಲು ಹಿಡಿದಿದ್ದ ಕೈಗಳೂ ಕೆಲವು ಕೆಳಗಿಳಿದುವು. ಆಮೇಲೆ ಅದು ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯಿತು.

ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ಹುಡುಗ ಮುಡಿಯ ಮಾತನ್ನೇ ಆಡಿದ. ಕಳೆದ ವಾರದಿಂದ ಒಂದು ಸಣ್ಣ ಮೂಟೆಗೆ ಹಗ್ಗ ಬಿಗಿದು ಹಲ್ಲಿನಲ್ಲಿ ಎತ್ತಲು ಕಲಿಯುತ್ತಿದ್ದಾನೆ. ದವಡೆ ನೋಯುತ್ತದೆಂದು ಮಾಮಿ ಮಾಡಿದ ಚಕ್ಕುಲಿಯನ್ನು ಮೊನ್ನೆ ಮುಟ್ಟಲಿಲ್ಲ. ಪಲ್ಟಿಯನ್ನೂ ಬಿಟ್ಟಿಲ್ಲ.